ಫೈಬರ್‌ಗ್ಲಾಸ್ ಕಾರಿಗೆ ಎಪಾಕ್ಸಿ ಪ್ರೈಮರ್ ಹೊಡೆಯುವ ಮುಂಚೆ ಬಾಡಿ ಒಣಗಿದೆಯಾ ನೋಡಿ

ಹಳೇ ಫೈಬರ್‌ಗ್ಲಾಸ್ ಬಾಡಿ ಮೇಲೆ ಎಪಾಕ್ಸಿ ಪ್ರೈಮರ್ (ಗಟ್ಟಿಯಾಗಲು ಹಾರ್ಡನರ್ ಬೆರೆಸಿ, ಬಣ್ಣಕ್ಕೂ ಮುಂಚೆ ಹೊಡೆಯುವ ತಳದ ಪದರ) ಎರಡು ಕೋಟ್ ದಪ್ಪಗೆ ಹೊಡೆದರೆ ಸಣ್ಣ ಬಿರುಕು, ಸೂಜಿ ತೂತು ಎಲ್ಲಾ ಮುಚ್ಚಿಹೋಗುತ್ತಾ, ಯಾವ ಕಂಪನಿಯದು ತಗೊಳ್ಳಲಿ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನೂ ಇದನ್ನೇ ಎಲ್ಲರ ಹತ್ತಿರ ಕೇಳಿಕೊಂಡು ಓಡಾಡುತ್ತಿದ್ದೆ. ಒಳ್ಳೇ ಕಂಪನಿಯ ಪ್ರೈಮರನ್ನೇ ತಂದೆ. ಆದರೂ ಬಣ್ಣ ಹೋಯಿತು. ಕೆಡಿಸಿದ್ದು ನೀರು.

ನನ್ನದು 1970ರ ದಶಕದ ಎರಡು ಬಾಗಿಲ ಕಾರು. ಅಚ್ಚಿನೊಳಗೆ ಕೈಯಿಂದಲೇ ಗಾಜಿನ ನಾರು ಹಾಸಿ, ರೆಸಿನ್ (ನಾರನ್ನು ಹಿಡಿದಿಟ್ಟು ಗಟ್ಟಿಯಾಗುವ ಅಂಟು) ಬಳಿದು ಮಾಡಿದ ಬಾಡಿ. ಮೇಲೆ ಜೆಲ್‌ಕೋಟ್ ಅನ್ನೋ ನುಣುಪಾದ ರೆಸಿನ್ ಹೊರಪದರ, ಅದರ ಮೇಲೆ ಬೇರೆ ಬೇರೆ ಕಾಲದಲ್ಲಿ ಹೊಡೆದ ನಾಲ್ಕು ಪದರ ಬಣ್ಣ. ಪೇಂಟ್ ರಿಮೂವರ್ ಹಾಕಬಾರದು ಅಂತ ಗೊತ್ತಿತ್ತು. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್ ಬಣ್ಣದ ಜೊತೆ ರೆಸಿನ್ನನ್ನೂ ತಿನ್ನುತ್ತದೆ, ಒಳಗೆ ಇಳಿದು ಕೂತರೆ ಆಮೇಲೆ ಹೊಸ ಬಣ್ಣವನ್ನೂ ಎಬ್ಬಿಸುತ್ತದೆ. ಅದಕ್ಕೇ ಬ್ಲೇಡು, 80 ನಂಬರಿನ ಎಮರಿ ಪೇಪರು ಹಿಡಿದು ಎರಡು ತಿಂಗಳು ಸಂಜೆ ಸಂಜೆ ಕೂತು ಕೆರೆದೆ. ಬಾನೆಟ್ಟಿನ ಏಣು ಇರುವ ಕಡೆ, ಚಕ್ರದ ಕಮಾನಿನ ಅಂಚಿನಲ್ಲಿ ಜೆಲ್‌ಕೋಟ್ ಪೂರ್ತಿ ಹೋಗಿ ಬಿಳಿ ನಾರು ಕಾಣಿಸಿತು. ಪರವಾಗಿಲ್ಲ, ಪ್ರೈಮರ್ ಮುಚ್ಚುತ್ತದೆ ಅಂದುಕೊಂಡೆ.

ತಪ್ಪಾದದ್ದು ಇಲ್ಲೇ. ಕೊನೆಗೆ ನಯ ಬರಲಿ ಅಂತ ಇಡೀ ಬಾಡಿಗೆ ನೀರು ಹಾಕಿಕೊಂಡು 320ರಲ್ಲಿ ತಿಕ್ಕಿದೆ. ಧೂಳು ಹಿಟ್ಟಿನ ಹಾಗೆ ಮೂಲೆಮೂಲೆಗೂ ಕೂತಿತ್ತು, ಅದು ಹೋಗಲಿ ಅಂತ ಪೈಪ್ ಹಿಡಿದು ಚೆನ್ನಾಗಿ ತೊಳೆದೆ. ಬಾನೆಟ್ ಎತ್ತಿ ಕೆಳಗಿನ ಬದಿಗೂ ನೀರು ಬಿಟ್ಟೆ. ಬಟ್ಟೆಯಲ್ಲಿ ಒರೆಸಿ ರಾತ್ರಿಯೆಲ್ಲ ಬಿಟ್ಟೆ. ಬೆಳಗ್ಗೆ ಅಂಗೈ ಇಟ್ಟು ನೋಡಿದರೆ ಒಣಗಿತ್ತು. ಹತ್ತು ಗಂಟೆಗೆ ಎಪಾಕ್ಸಿ ಹೊಡೆದೆ.

ಮೂರು ತಿಂಗಳು ಕಾರು ಕನ್ನಡಿಯ ಹಾಗಿತ್ತು. ಬಿಸಿಲು ಜೋರಾದ ಮೇಲೆ ಒಂದು ದಿನ ಬಾನೆಟ್ ಒರೆಸುವಾಗ ಬೆರಳಿಗೆ ಏನೋ ತಾಗಿತು. ಬಗ್ಗಿ ಓರೆಯಾಗಿ ನೋಡಿದರೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು, ಏಣಿನ ಉದ್ದಕ್ಕೂ ಸಾಲಾಗಿ. ಎರಡು ವಾರದಲ್ಲಿ ಅವು ಮೆಣಸಿನ ಕಾಳಿನಷ್ಟಾದವು. ಒಂದನ್ನು ಸೂಜಿಯಲ್ಲಿ ಚುಚ್ಚಿದೆ. ಒಂದು ಹನಿ ನೀರು ಹೊರಗೆ ಬಂತು. ನಾನು ನಾಲ್ಕು ತಿಂಗಳ ಹಿಂದೆ ಪೈಪಿನಲ್ಲಿ ಬಿಟ್ಟ ನೀರು ಅದು.

ಯಾಕೆ ಹೀಗಾಯಿತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಸ್ವಲ್ಪ ಜಾಸ್ತಿಯಾದರೂ ಓದಿ. ತಗಡಿಗೆ ನೀರು ಬಿದ್ದರೆ ಮೇಲೆಯೇ ನಿಲ್ಲುತ್ತದೆ, ಒರೆಸಿದರೆ ಮುಗಿಯಿತು. ಫೈಬರ್‌ಗ್ಲಾಸ್ ಹಾಗಲ್ಲ. ಅದಕ್ಕೆ ಚರ್ಮದ ಹಾಗೆ ಇರೋದು ಜೆಲ್‌ಕೋಟ್. ಆ ಚರ್ಮ ತಿಕ್ಕಿ ತೆಗೆದರೆ ನಾರಿನ ತುದಿಗಳು ಬಾಯಿ ತೆರೆದು ನಿಲ್ಲುತ್ತವೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ನಾರಿನ ಗುಂಟ ನೀರು ಒಳಗೆ ಹೋಗುತ್ತದೆ. ಬಾನೆಟ್ಟಿನ ಕೆಳಬದಿಗಂತೂ ಮೊದಲಿನಿಂದಲೂ ಆ ಚರ್ಮವೇ ಇರಲಿಲ್ಲ, ಒರಟು ನಾರು ಹಾಗೇ ಇತ್ತು, ಅಲ್ಲಿಗೂ ನಾನೇ ನೀರು ಬಿಟ್ಟೆ. ಒಳಗೆ ಹೋಗೋದು ನಿಮಿಷದಲ್ಲಿ, ಹೊರಗೆ ಬರೋದು ವಾರಗಟ್ಟಲೆ. ಮೇಲ್ಮೈ ಒಂದು ಗಂಟೆಯಲ್ಲಿ ಒಣಗುತ್ತದೆ, ಹಾಗಾಗಿ ಅಂಗೈ ಇಟ್ಟು ನೋಡಿದರೆ ಒಳಗಿನದು ಏನೂ ತಿಳಿಯುವುದಿಲ್ಲ. ಅದರ ಮೇಲೆ ನಾನು ಎಪಾಕ್ಸಿ ಹೊಡೆದೆ. ಎಪಾಕ್ಸಿಯ ದೊಡ್ಡ ಗುಣವೇ ತೇವವನ್ನು ಸುಲಭಕ್ಕೆ ದಾಟಲು ಬಿಡದಿರುವುದು, ಅಲ್ವಾ? ಹೊರಗಿನ ನೀರನ್ನು ಒಳಗೆ ಬಿಡದ ಪದರ ಒಳಗಿನ ನೀರನ್ನು ಹೊರಗೂ ಬಿಡುವುದಿಲ್ಲ. ಬಣ್ಣ ಕಡು ನೀಲಿ, ಬಿಸಿಲಿಗೆ ಕೈ ಇಡಲಾಗದಷ್ಟು ಕಾಯುತ್ತಿತ್ತು. ಒಳಗಿನ ನೀರು ಆವಿಯಾಗಿ ಒತ್ತಿತು, ಬಿಸಿಗೆ ಬಣ್ಣ ಮೆತ್ತಗಾಗಿತ್ತು, ಹಿಡಿತ ಎಲ್ಲಿ ಸಡಿಲವೋ ಅಲ್ಲಿ ಎದ್ದಿತು. ಜೆಲ್‌ಕೋಟ್ ಉಳಿದಿದ್ದ ಬಾಗಿಲುಗಳಲ್ಲಿ ಒಂದೇ ಒಂದು ಗುಳ್ಳೆ ಇರಲಿಲ್ಲ. ಅದೇ ಡಬ್ಬಿ, ಅದೇ ಸ್ಪ್ರೇ ಗನ್, ಅದೇ ದಿನ ಹೊಡೆದದ್ದು. ಪ್ರೈಮರಿನ ತಪ್ಪಲ್ಲ ಅಂತ ನನಗೆ ಖಾತ್ರಿಯಾದದ್ದು ಆ ಬಾಗಿಲು ನೋಡಿ.

ಎರಡನೇ ಸಲ ಬಾನೆಟ್ ಬಿಚ್ಚಿ, ಎಲ್ಲವನ್ನೂ ಒಣದಾಗಿಯೇ ಕೆರೆದು, ಎರಡೂ ಬದಿಗೆ ಗಾಳಿ ಆಡುವ ಹಾಗೆ ನಿಲ್ಲಿಸಿದೆ. ದೂರದಿಂದ ಲ್ಯಾಂಪ್ ಬಿಟ್ಟು ಬೆಚ್ಚಗೆ ಇಟ್ಟೆ, ಮುಟ್ಟಿದರೆ ಕೈ ಸುಡಬಾರದು ಅಷ್ಟೇ. ಆಮೇಲೆ ಒಂದು ಗೇಣು ಅಗಲದ ತೆಳು ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಒಂದು ಹಗಲು ಒಂದು ರಾತ್ರಿ ಬಿಟ್ಟೆ. ಮೊದಲ ಸಲ ಹಾಳೆಯ ಒಳಬದಿಯಲ್ಲಿ ಹನಿ ಕಟ್ಟಿತ್ತು. ಒಂಬತ್ತು ದಿನದ ಮೇಲೆ ಬರೀ ಮಂಜು. ಮೂರು ವಾರಕ್ಕೆ ಹಾಳೆ ಸ್ವಚ್ಛ. ಆವತ್ತೇ ಗನ್ ಮುಟ್ಟಿದ್ದು.

ಈಗ ನಿಮ್ಮ ಬಿರುಕಿನ ವಿಷಯ. ಪ್ರೈಮರ್ ಬಿರುಕು ಮುಚ್ಚುತ್ತದೆ ಅನ್ನೋ ಲೆಕ್ಕವನ್ನೇ ಬಿಟ್ಟುಬಿಡಿ. ಒಂದು ಕೋಟ್ ಒಣಗಿದ ಮೇಲೆ ಕೂದಲೆಳೆಗಿಂತ ತೆಳು. ಬಿರುಕು ಬಿಟ್ಟಿದೆ ಅಂದರೆ ಸಾಮಾನ್ಯವಾಗಿ ಅದರ ಕೆಳಗೆ ಏನೋ ಕಾರಣ ಇರುತ್ತದೆ: ಸಡಿಲವಾದ ಬೋಲ್ಟು, ಒಡೆದ ನಾರು, ಹಿಂದೆ ಯಾವಾಗಲೋ ಬಿದ್ದ ಪೆಟ್ಟು. ಮೊದಲು ಆ ಕಾರಣ ಹುಡುಕಿ ಸರಿಮಾಡಿ, ಬಿರುಕಿನ ಕೊನೆ ಸಿಗುವವರೆಗೂ ಇಳಿಜಾರಾಗಿ ತೋಡಿ, ನಾರು ಮತ್ತು ರೆಸಿನ್ ಹಾಕಿ ಕಟ್ಟಿ, ಆಗುವ ಕಡೆ ಹಿಂಬದಿಯಿಂದಲೂ ಒಂದು ಪದರ ಕೊಡಿ. ಸುಮ್ನೆ ಮೇಲೆ ಪುಟ್ಟಿ ಎಳೆದರೆ ಅದೇ ಗೆರೆ ಮತ್ತೆ ಬರುತ್ತದೆ. ಸೂಜಿ ತೂತಿನ ಕಥೆಯೂ ಅಷ್ಟೇ. ಒಳಗೆ ಗಾಳಿ ಸಿಕ್ಕಿಕೊಂಡಿರುತ್ತದೆ, ಗನ್ನಿನಿಂದ ಬಂದ ಪ್ರೈಮರ್ ಅದರೊಳಗೆ ಇಳಿಯದೆ ಅಂಚಿಗೆ ಸರಿದುಕೊಳ್ಳುತ್ತದೆ. ದಪ್ಪಗೆ ಹೊಡೆದರೆ ತಿನ್ನರ್ ಒಳಗೇ ಉಳಿದು ಹೊಸ ತೂತು ಹುಟ್ಟುತ್ತವೆ. ನುಣುಪು ಪುಟ್ಟಿಯನ್ನು ಅಗಲ ಬ್ಲೇಡಿನಲ್ಲಿ ಒತ್ತಿ ಒತ್ತಿ ತುಂಬಬೇಕು, ಬೇರೆ ದಾರಿ ಇಲ್ಲ.

ಹಾಗಾದರೆ ಎಪಾಕ್ಸಿ ಬೇಡವೇ? ಬೇಕು, ನಾನು ಈಗಲೂ ಅದನ್ನೇ ಹೊಡೆಯುತ್ತೇನೆ. ಆದರೆ ಎಪಾಕ್ಸಿ ಇಲ್ಲದಿದ್ದರೆ ಫೈಬರ್ ಮೇಲೆ ಬಣ್ಣ ನಿಲ್ಲುವುದೇ ಇಲ್ಲ ಅಂತ ನಿಮಗೆ ಯಾರೋ ಹೇಳಿದ್ದಾರಲ್ಲ, ಅದನ್ನು ನಂಬಬೇಡಿ. ಅಮೆರಿಕದ ಕಾರ್ವೆಟ್ ಸ್ಪೋರ್ಟ್ಸ್ ಕಾರು 1953ರಿಂದ ಫೈಬರ್‌ಗ್ಲಾಸ್ ಬಾಡಿಯಲ್ಲಿ ಬರುತ್ತಿದೆ, ಆ ಹಳೆಯ ಕಾರುಗಳಿಗೆ ಹೊಡೆದದ್ದು ಲ್ಯಾಕರ್, ಅಂದರೆ ತಿನ್ನರ್ ಆರಿದರೆ ಒಣಗುವ ಹಳೇ ಥರದ ಬಣ್ಣ. ಆದರೂ ಅದು ನಿಂತಿತು. ಎಪಾಕ್ಸಿ ಬೇಕಾಗೋದು ಬೇರೆ ಕಾರಣಕ್ಕೆ. ರಿಪೇರಿ ಮಾಡಿದ ಹಳೇ ಬಾಡಿಯಲ್ಲಿ ಒಂದು ಕಡೆ ಜೆಲ್‌ಕೋಟ್, ಪಕ್ಕದಲ್ಲಿ ಹೊಸ ರೆಸಿನ್, ಇನ್ನೊಂದು ಕಡೆ ಪುಟ್ಟಿ, ಅಂಚಿನಲ್ಲಿ ಹಳೇ ಬಣ್ಣ. ಒಂದೊಂದೂ ಒಂದೊಂದು ಥರ ಹೀರುತ್ತದೆ. ಎಪಾಕ್ಸಿ ಎಲ್ಲದರ ಮೇಲೂ ಹಿಡಿದು ಒಂದೇ ಸಮ ನೆಲ ಕೊಡುತ್ತದೆ, ಮೇಲಿನ ಬಣ್ಣದ ತಿನ್ನರ್ ಕೆಳಗಿನ ರಿಪೇರಿಯನ್ನು ಕೆದಕದ ಹಾಗೆ ತಡೆಯುತ್ತದೆ. ಅಂದಹಾಗೆ ತಗಡಿಗೆ ಹೊಡೆಯುವ ಎಚ್ (etch) ಪ್ರೈಮರ್ ತರಬೇಡಿ. ಅದರ ಆಸಿಡ್ ಲೋಹವನ್ನು ಕಚ್ಚಲು ಇರೋದು, ಫೈಬರಿನಲ್ಲಿ ಕಚ್ಚಲು ಲೋಹವೇ ಇಲ್ಲ.

ನಿಮ್ಮದು ಯಾವ ಕಾರು ಅಂತ ಬರೆದಿಲ್ಲ. ಕಾರ್ವೆಟ್ ಆದರೆ ಕಾರ್ಖಾನೆಯಿಂದಲೇ ಜೆಲ್‌ಕೋಟ್ ಇರುವುದಿಲ್ಲ, ಹಾಗಾಗಿ ಹಳೇ ಪ್ರೈಮರಿನ ಕೆಳಗೆ ಇಳಿಯುವಾಗ ಕೈ ಹಗುರ ಇರಲಿ. ಪ್ಯಾನೆಲ್ ಅಂಟಿಸಿದ ಜೋಡಣೆಗಳನ್ನೂ ನೋಡಿಕೊಳ್ಳಿ, ಅವು ಕುಗ್ಗಿದರೆ ಬಣ್ಣದ ಮೇಲೆ ಗೆರೆಯಾಗಿ ಕಾಣುತ್ತವೆ. ಕೈಯಲ್ಲಿ ಮಾಡಿದ ಬಾಡಿಯಾಗಿದ್ದು ಜೆಲ್‌ಕೋಟ್ ಗಟ್ಟಿ ಇದ್ದರೆ ಅದನ್ನು ಖಂಡಿತ ತೆಗೆಯಬೇಡಿ. ಬಣ್ಣ ತೆಗೆದು 180ರಲ್ಲಿ ಒಣದಾಗಿ ಗೀರಿದರೆ ಸಾಕು. ನನ್ನ ಅಭಿಪ್ರಾಯದಲ್ಲಿ ನಮ್ಮಲ್ಲಿ ಹೆಚ್ಚಿನವರು ಬೇಕಾದ್ದಕ್ಕಿಂತ ಜಾಸ್ತಿ ಕೆರೆಯುತ್ತೇವೆ.

ಹೊಡೆಯುವ ದಿನ ಗಾಳಿ ಮಾತ್ರ ಬೆಚ್ಚಗಿದ್ದರೆ ಸಾಲದು, ಬಾಡಿಯೂ ಬೆಚ್ಚಗಿರಬೇಕು. 15 ಡಿಗ್ರಿಗಿಂತ ಕೆಳಗಾದರೆ ಹೆಚ್ಚಿನ ಎಪಾಕ್ಸಿಗಳು ಗಟ್ಟಿಯಾಗುವುದು ತುಂಬಾ ನಿಧಾನ, ನೋಡಲು ಒಣಗಿದ ಹಾಗೆ ಇರುತ್ತವೆ. ಹಾರ್ಡನರ್ ಬೆರೆಸಿದ ಮೇಲೆ ಎಷ್ಟು ಹೊತ್ತು ಬಿಡಬೇಕು, ಮುಂದಿನ ಕೋಟ್ ಎಷ್ಟು ದಿನದ ಒಳಗೆ ಅನ್ನೋದು ಡಬ್ಬಿಯ ಜೊತೆ ಬರುವ ಹಾಳೆಯಲ್ಲಿ ಇರುತ್ತದೆ, ಆ ಅವಧಿ ಮೀರಿದರೆ ಮತ್ತೆ ಗೀರಲೇಬೇಕು. ಧೂಳನ್ನು ವ್ಯಾಕ್ಯೂಮ್‌ನಲ್ಲಿ ಎಳೆಯಿರಿ. ಜಿಡ್ಡು ತೆಗೆಯುವ ದ್ರಾವಕವನ್ನು ಬಟ್ಟೆಗೆ ಹಾಕಿ ಒರೆಸಿ, ಬಾಡಿ ಮೇಲೆ ಸುರಿಯಬೇಡಿ, ಅದೂ ನೀರಿನ ಹಾಗೇ ನಾರಿಗೆ ಇಳಿಯುತ್ತದೆ. ಕೆರೆಯುವಾಗ ಒಳ್ಳೇ ಮಾಸ್ಕ್, ಉದ್ದ ತೋಳು, ಕನ್ನಡಕ ಹಾಕಿ. ಎಪಾಕ್ಸಿ ಚರ್ಮಕ್ಕೆ ತಾಗದಿರಲಿ, ಒಮ್ಮೆ ಅಲರ್ಜಿ ಶುರುವಾದರೆ ಬಿಡುವುದಿಲ್ಲ. ಕೊನೆಯ ಬಣ್ಣ, ಹಾರ್ಡನರ್ ಬೆರೆಸಿ ಹೊಡೆಯುವ, ಉಸಿರಿಗೆ ಅಪಾಯಕಾರಿಯಾದ ಐಸೋಸಯನೇಟ್ ಇರುವ ಟು‌-ಕೆ ಆದರೆ, ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಇಲ್ಲದೆ ಹೊಡೆಯಲು ಹೋಗಬೇಡಿ.

ಪ್ರೈಮರ್ ಕೊಳ್ಳುವುದನ್ನು ಒಂದು ವಾರ ಮುಂದೆ ಹಾಕಿ. ನಾಳೆ ಬೆಳಗ್ಗೆ ಬಾನೆಟ್ಟಿನ ಏಣಿನ ಮೇಲೆ ಒಂದು, ಕೆಳಬದಿಗೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿ. ನಾಡಿದ್ದು ತೆಗೆದು ಒಳಬದಿಯಲ್ಲಿ ಏನು ಕಾಣಿಸಿತು ಅಂತ ಇಲ್ಲೇ ಬರೆಯಿರಿ.