ನಿಮ್ಮ ಸ್ಪ್ಯಾನಿಷ್ ನುಡಿಗಟ್ಟುಗಳ ಲೇಖನದ ಬಗ್ಗೆ

ನಮಸ್ಕಾರ.

ಸ್ಪ್ಯಾನಿಷ್ ಆಡುಮಾತಿನ 40 ನುಡಿಗಟ್ಟುಗಳಿಗೆ ಇಂಗ್ಲಿಷ್ ಜೋಡಿ ಹುಡುಕಿ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲಾರೆ. ಜೋಡಿಗಳು ಬಹುಪಾಲು ಸರಿಯಾಗಿಯೇ ಇವೆ. ಆದರೆ ಒಂದನ್ನೂ ಯಾರದಾದರೂ ಬಾಯಲ್ಲಿ ಇಟ್ಟು ನೋಡಿಲ್ಲ.

‘ಯೊವೆರ್ ಆ ಕಾಂತಾರೊಸ್’ ತಗೊಳ್ಳಿ. ಕೊಡಗಟ್ಟಲೆ ಮಳೆ ಸುರಿಯುವುದು. ನೀವು ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಎಂದು ಬರೆದಿದ್ದೀರಿ. ನಮಗೆಲ್ಲ ಶಾಲೆಯಲ್ಲಿ ಕಲಿಸಿದ್ದೂ ಅದೇ, ಅಲ್ವಾ? ಸ್ಪ್ಯಾನಿಷಿನ ಕೊಡ ಇವತ್ತಿಗೂ ದಿನಬಳಕೆಯ ಮಾತು. ಇಂಗ್ಲಿಷಿನ ನಾಯಿ ಬೆಕ್ಕು ಸವೆದುಹೋಗಿವೆ. ಮಾತಾಡುವಾಗ ಜನ ಜಾಸ್ತಿ ಹೇಳುವುದು ‘ಇಟ್ಸ್ ಪೋರಿಂಗ್’. ಅಲ್ಲಿ ನುಡಿಗಟ್ಟಿಗೆ ನುಡಿಗಟ್ಟೇ ಬೇಕಿಲ್ಲ.

‘ತೊಮಾರ್ ಎಲ್ ಪೆಲೊ’ವನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ನನಗೆ ಬೇಸರವಾಗಿದ್ದು ಅಲ್ಲಿ. ಪದಕ್ಕೆ ಪದ ನೋಡಿದರೆ ಕೂದಲು ತೆಗೆದುಕೊಳ್ಳುವುದು. ಅರ್ಥ, ತಮಾಷೆಗೆ ಯಾಮಾರಿಸುವುದು. ಇಂಗ್ಲಿಷಿನಲ್ಲಿ ಕಾಲೆಳೆಯುತ್ತಾರೆ, ನಾವೂ ಎಳೆಯುತ್ತೇವೆ. ಸಾಮಾನ್ಯವಾಗಿ ಅಷ್ಟು ಸಾಕು. ಆದರೆ ಕೇಳಿಸಿಕೊಂಡವನು ಬೋಳುತಲೆ ಸವರಿಕೊಂಡು, ‘ಏನಿದೆ ಅಂತ ತೆಗೀತೀಯ?’ ಎಂದರೆ? ಕಾಲಿಗೂ ಆ ಉತ್ತರಕ್ಕೂ ಸಂಬಂಧವೇ ಇರುವುದಿಲ್ಲ. ಕಣ್ಣಿನ ಮೇಲೆ ಉಣ್ಣೆ ಎಳೆಯುವ ಇಂಗ್ಲಿಷ್ ಮಾತು ಕೂದಲಿಗೆ ಹತ್ತಿರ. ಆದರೆ ಅದರಲ್ಲಿರುವುದು ತಮಾಷೆಯಲ್ಲ, ಮೋಸ. ಹಾಗಾದರೆ ಉತ್ತರವನ್ನೇ ಹೊಸದಾಗಿ ಕಟ್ಟಬೇಕೆ? ಇಂಥದೊಂದು ಮಾತುಕತೆ ನೀವೇ ಬರೆದು, ಎರಡು ಮೂರು ಬಗೆಯಲ್ಲಿ ಅನುವಾದಿಸಿ ತೋರಿಸಿ. ನಾನು ಓದಬೇಕೆಂದಿರುವುದು ಆ ಒದ್ದಾಟವನ್ನು.

ಒಂದು ಕಡೆ ತಪ್ಪಿದ್ದೀರಿ. ‘ನಾಲಿಗೆಯಲ್ಲಿ ಕೂದಲಿಲ್ಲ’ ಎಂಬ ಸ್ಪ್ಯಾನಿಷ್ ಮಾತನ್ನು ನಮ್ಮ ‘ಎಲುಬಿಲ್ಲದ ನಾಲಿಗೆ’ಗೆ ಹೋಲಿಸಿದ್ದೀರಿ. ಅದು ಹಿಂಜರಿಯದೆ ನೇರವಾಗಿ ಮಾತಾಡುವವರ ಬಗ್ಗೆ. ನಮ್ಮದು ಬಾಯಿಗೆ ಬಂದದ್ದು ಆಡುವವರಿಗೆ ಬೈಗುಳ. ತೆಗೆದುಬಿಡಿ.

ಬೆಕ್ಕಿನ ಪ್ಯಾರಾ ಮಾತ್ರ ತುಂಬ ಇಷ್ಟವಾಯಿತು. ಸ್ಪ್ಯಾನಿಷ್ ಬೆಕ್ಕಿಗೆ 7 ಜೀವ, ಇಂಗ್ಲಿಷ್ ಬೆಕ್ಕಿಗೆ 9. ಅಲ್ಲಿ ಸಂಖ್ಯೆ ಬದಲಿಸಿದರೆ ನಷ್ಟವಿಲ್ಲ. ಅದರ ಪಕ್ಕದಲ್ಲೇ 13ನೇ ತಾರೀಖಿನ ಮಂಗಳವಾರವನ್ನೂ ತನ್ನಿ. ಸ್ಪೇನಿನವರಿಗೆ ಅಪಶಕುನದ ದಿನ ಅದು. ಇಂಗ್ಲಿಷಿನವರಿಗೆ ಶುಕ್ರವಾರ. ಕತೆಯಲ್ಲಿ ಮದುವೆ ಮಂಗಳವಾರ ನಡೆದರೆ ಅನುವಾದಕರು ವಾರ ಬದಲಿಸಬಹುದೇ? ಕೂಡದು ಅಂತ ನನ್ನ ಅಭಿಪ್ರಾಯ. ನಿಮ್ಮದೇನು ಎಂದು ತಿಳಿಯಬೇಕು. ಲೇಖನ ಆ ಪ್ರಶ್ನೆಯಿಂದಲೇ ಶುರುವಾಗಲಿ.

ನುಡಿಗಟ್ಟು ಐದಾರು ಇದ್ದರೆ ಸಾಕು. ಹೊಸ ಕರಡು ಕಳಿಸಿ, ಬಂದ ವಾರದಲ್ಲೇ ಓದುತ್ತೇನೆ.