ದಾವಣಗೆರೆಯಲ್ಲಿ ಹಳೇ ಮನೆ ಕೊಳ್ಳುವಾಗ ಅಡ್ವಾನ್ಸ್ ಕೊಡುವ ಮೊದಲು ಏನೇನು ನೋಡಬೇಕು?

ಮೊದಲು ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಕೇಳಿ. ಈಗ ಅದಿಲ್ಲದೆ ನೋಂದಣಿ ಆಗುವುದಿಲ್ಲ. "ಮಾಡಿಸ್ತಾ ಇದ್ದೀವಿ, ಆಮೇಲೆ ಕೊಡ್ತೀವಿ" ಅಂದರೆ ದುಡ್ಡು ಕೊಡಬೇಡಿ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಿನಲ್ಲಿ ಇಸಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ನೀವೇ ತೆಗೆಸಿ. ಸಾಲ, ಅಡಮಾನ ನೋಂದಣಿಯಾಗಿದ್ದರೆ ಇಸಿಯ ಫಾರಂ 15ರಲ್ಲಿ ಕಾಣುತ್ತದೆ.

ನಾನು ಜಾಸ್ತಿ ಒತ್ತಿ ಹೇಳುವುದು ಪಾಲುದಾರರ ವಿಷಯ. ಖಾತೆ ಒಬ್ಬರ ಹೆಸರಲ್ಲಿದ್ದರೂ ಪಿತ್ರಾರ್ಜಿತ ಆಸ್ತಿಯಾದರೆ ಹೆಣ್ಣುಮಕ್ಕಳಿಗೂ ಸಮಪಾಲು ಇದೆ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ. ಮದುವೆಯಾಗಿ ಹರಿಹರಕ್ಕೋ ರಾಣೆಬೆನ್ನೂರಿಗೋ ಹೋದ ಅಕ್ಕ-ತಂಗಿಯರ ಸಹಿಯೂ ಬೇಕು. ವಂಶವೃಕ್ಷ ತರಿಸಿ, ಹೆಸರು ಎಣಿಸಿ. ಇಲ್ಲದಿದ್ದರೆ ಗೃಹಪ್ರವೇಶ ಆದ ಮೇಲೆ ಕೋರ್ಟ್ ನೋಟಿಸ್ ಬರಬಹುದು.

ಟೇಪು ಹಿಡಿದು ಅಳೆಯಿರಿ. ಕ್ರಯಪತ್ರದಲ್ಲಿ 30x40 ಅಂತಿರುತ್ತದೆ, ಹಿಂದಿನ ಕಾಂಪೌಂಡ್ ಒಂದೂವರೆ ಅಡಿ ಒಳಗೆ ಬಂದಿರುತ್ತದೆ. ಚೆಕ್ಕುಬಂದಿಯ (ಪತ್ರದಲ್ಲಿ ಬರೆದಿರುವ ಗಡಿಗಳ) ನಾಲ್ಕೂ ದಿಕ್ಕು ಸ್ಥಳದಲ್ಲೇ ನಿಂತು ಓದಿ.

ನೀರಿನ ವಿಷಯ ಆದರೆ ಬೇಸಿಗೆಯಲ್ಲಿ ನೋಡಿ. ಏಪ್ರಿಲ್‌ನಲ್ಲಿ ಬೋರ್ ಮೋಟಾರ್ ಆನ್ ಮಾಡಿಸಿ, ಬಕೆಟ್ ತುಂಬಲು ಎಷ್ಟು ಹೊತ್ತು ಹಿಡಿಯುತ್ತದೆ ನೋಡಿ. ನಲ್ಲಿ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಮಾಲೀಕರನ್ನಲ್ಲ, ಪಕ್ಕದ ಮನೆಯವರನ್ನು ಕೇಳಿ.

ಅಡ್ವಾನ್ಸ್ ಚೆಕ್‌ನಲ್ಲೇ ಕೊಡಿ, ಕರಾರುಪತ್ರದಲ್ಲಿ ಗಡುವು ಬರೆಸಿ.