ತಾರೀಕು ಗೊತ್ತಿಲ್ಲದ ಅಜ್ಜನಿಗೆ 4 ಕೊಡಬೇಕಾ, 5 ಕೊಡಬೇಕಾ?

ಮಂಡ್ಯದ ವಾರ್ಡಿನಲ್ಲಿ ತಲೆಗೆ ಪೆಟ್ಟು ಬಿದ್ದ ಅಜ್ಜ ತಾರೀಕು ಹೇಳಲಿಲ್ಲ, ಕಣ್ಣು, ಮಾತು, ಚಲನೆಗೆ ಅಂಕ ಕೊಟ್ಟು ರೋಗಿಯ ಎಚ್ಚರ ಅಳೆಯುವ ಗ್ಲ್ಯಾಸ್ಗೋ ಕೋಮಾ ಸ್ಕೇಲಿನಲ್ಲಿ ಮಾತಿನ 5 ಅಂಕದಲ್ಲಿ ಒಂದು ಕಳೆಯಲಾ ಎಂದು ಕೇಳಿದ್ದೀರಿ. ಬರೀ ತಾರೀಕಿಗಾಗಿ ಕಳೆಯಬೇಡಿ. ರಜೆಯಲ್ಲಿ ನಮಗೇ ತಾರೀಕು ನೆನಪಿರಲ್ಲ, ಅಲ್ವಾ? ಹೆಸರು, ಈಗ ಎಲ್ಲಿದ್ದಾರೆ, ಯಾವ ತಿಂಗಳು ಎಂದು ಕೇಳಿ. ‘ಆಷಾಢ’ ಎಂದರೆ ಅದೂ ಸರಿ, ಜುಲೈ ಅನ್ನಲೇಬೇಕೆಂದೇನಿಲ್ಲ. ನಾನು ಮೈಸೂರಿನಲ್ಲಿ ಕಲಿಯುವಾಗ ಒಬ್ಬ ರೈತರು, “ಇಸ್ವಿಗಿಸ್ವಿ ಗೊತ್ತಿಲ್ಲ ಕಣವ್ವ, ನಾಲೆಗೆ ನೀರು ಬಿಟ್ಟು ಎಂಟು ದಿನ ಆಯ್ತು” ಅಂದಿದ್ದರು. ಮಗಳನ್ನು ಕೇಳಿದರೆ ಲೆಕ್ಕ ಸರಿಯಾಗಿತ್ತು!

ಆದರೆ ವಾರ್ಡನ್ನೇ ತಮ್ಮ ಮನೆ ಜಗಲಿ ಅಂದುಕೊಂಡು ನಿಮ್ಮನ್ನು ಸೊಸೆ ಎಂದು ಕರೆದರೆ, ಅದು 4. ಕಿವಿ ಮಂದವಾ ಎಂದು ಮೊದಲೇ ನೋಡಿಕೊಳ್ಳಿ. ಮುಂಚೆ ಹೇಗಿದ್ದರು ಎಂದು ಮನೆಯವರನ್ನು ಕೇಳಿ, ಇದನ್ನು ಜಾಸ್ತಿ ಜನ ಮರೆಯುತ್ತಾರೆ.

ಇನ್ನೊಂದು ಮಾತು. “ನನ್ನ ಕೈ ಹಿಡಿರಿ” ಅಂದಾಗ ಹಿಡಿದರು ಎಂದು ಚಲನೆಗೆ ಸುಮ್ನೆ ಪೂರ್ತಿ 6 ಬರೆಯಬೇಡಿ. “ಬಿಡಿ” ಅಂದಾಗ ಬಿಡುತ್ತಾರಾ ನೋಡಿ. ಅಂಗೈಗೆ ಏನಾದರೂ ತಗುಲಿದರೆ ಬೆರಳು ತಾನಾಗಿಯೇ ಮುಚ್ಚಿಕೊಳ್ಳುವುದುಂಟು.

ಚಾರ್ಟಿನಲ್ಲಿ ಒಟ್ಟು ‘14’ ಅಂತಷ್ಟೇ ಬೇಡ. ಕಣ್ಣು 4, ಮಾತು 4, ಚಲನೆ 6 ಎಂದು ಬಿಡಿಸಿ ಬರೆಯಿರಿ. ಬೆಳಿಗ್ಗೆ ಸರಿಯಾಗಿ ಉತ್ತರಿಸಿದವರು ಸಂಜೆ ತಡವರಿಸಿದರೆ ಪಾಳಿ ಮುಗಿಯಲಿ ಎಂದು ಕಾಯಬೇಡಿ. ತಕ್ಷಣ ಡಾಕ್ಟರಿಗೆ ಹೇಳಿ. ಅವರು ಬರುವಷ್ಟರಲ್ಲಿ ಕಣ್ಣಿನ ಪಾಪೆ, ಆಕ್ಸಿಜನ್, ಶುಗರ್ ಮೂರನ್ನೂ ನೋಡಿರಿ.